ಬೆಂಗಳೂರು ಎಫ್‌ಸಿ, ಬೇಸಿಗೆ 2025: ಮೊದಲ ಸಹಿ ಯಾರದ್ದಾಗಬೇಕು?

ಪಶ್ಚಿಮ_ಗ್ಯಾಲರಿ, ಜೂನ್ 8, ರಾತ್ರಿ 9.10

ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಾಗನ್ ಎದುರಿನ ಇಂಡಿಯನ್ ಸೂಪರ್ ಲೀಗ್ ಫೈನಲ್ ಮುಗಿದು ಹೆಚ್ಚುಕಡಿಮೆ ಎರಡು ತಿಂಗಳಾಯ್ತು. 49ನೇ ನಿಮಿಷಕ್ಕೆ ಮುಂದೆ ಹೋದ್ವಿ, 72ಕ್ಕೆ ಪೆನಾಲ್ಟಿ ಬಿಟ್ವಿ, 96ಕ್ಕೆ ಮೆಕ್‌ಲಾರೆನ್ ಹೊಡೆದ. ಆ ನೋವು ಇನ್ನೂ ಇದೆ. ಆದ್ರೆ ಈ ಬೇಸಿಗೆಯಲ್ಲಿ ಯಾರನ್ನ ತರಬೇಕು ಅಂತ ಯೋಚಿಸೋವಾಗ ಫೈನಲ್ ಬಿಟ್ಟು ಜನವರಿ ತಿಂಗಳನ್ನ ನೋಡಿ.

ಲೀಗ್ ಹಂತದ 24 ಪಂದ್ಯದಲ್ಲಿ 11 ಗೆಲುವು, 5 ಡ್ರಾ, 8 ಸೋಲು, 38 ಪಾಯಿಂಟ್. ಹೊಡೆದದ್ದು 40, ಬಿಟ್ಟದ್ದು 31. ಮೊದಲ 6 ಪಂದ್ಯದಲ್ಲಿ ಬಿಟ್ಟದ್ದು ಒಂದೇ ಗೋಲು, ಅದೂ ಕೊಚ್ಚಿಯಲ್ಲಿ. ಹಾಗಾದ್ರೆ ಉಳಿದ 18 ಪಂದ್ಯದಲ್ಲಿ 30 ಗೋಲು ಬಿಟ್ಟಿದ್ದೀವಿ. ಜನವರಿ 4ರಂದು ಜಮ್‌ಶೆಡ್‌ಪುರದಲ್ಲಿ ಶುರುವಾಗಿ ಫೆಬ್ರವರಿ 1ರ ಪಂಜಾಬ್ ಪಂದ್ಯದ ತನಕ 6 ಪಂದ್ಯದಲ್ಲಿ 5 ಸೋಲು, 1 ಡ್ರಾ. 11 ಗೋಲು ಬಿಟ್ಟು ಒಂದೇ ಒಂದು ಪಾಯಿಂಟ್ ತಂದ್ವಿ. ಉಳಿದ 18 ಪಂದ್ಯದಲ್ಲಿ 37 ಪಾಯಿಂಟ್! ಅದೇ ವೇಗದಲ್ಲಿ ಇಡೀ ಸೀಸನ್ ಹೋಗಿದ್ರೆ 48 ಪಾಯಿಂಟ್‌ನ ಗೋವಾ ಪಕ್ಕಕ್ಕೆ ಕೂರ್ತಿದ್ವಿ. ಮೋಹನ್ ಬಾಗನ್‌ನ 56 ಆಗಲೂ ದೂರವೇ.

ಜಮ್‌ಶೆಡ್‌ಪುರದಲ್ಲಿ ಮುಂದಿದ್ದು ಸೋತ್ವಿ. ಕಂಠೀರವದಲ್ಲೇ ಒಡಿಶಾ ಮೇಲೆ 2-0 ಮುಂದಿದ್ದು 3-2 ಸೋತ್ವಿ. ಗೋಲು ಹೊಡೆಯೋಕೆ ಬರ್ತಿತ್ತು, ಹೊಡೆದದ್ದನ್ನ ಕಾಯೋಕೆ ಆಗ್ತಿರಲಿಲ್ಲ. ಅದಕ್ಕೇ ನನ್ನ ಮೊದಲ ಸಹಿ ನಂಬರ್ 6, ಡಿಫೆನ್ಸ್ ಮುಂದೆ ನಿಂತು ಓಡೋಕೆ ಕಾಲಿರೋ ಮಿಡ್‌ಫೀಲ್ಡರ್. ಸ್ಟ್ರೈಕರ್ ಆಮೇಲೆ. ನಿಮ್ಮ ಲೆಕ್ಕ ಹಾಕಿ.


ಗೌತಮಪುರ_ಹತ್ತು, ಜೂನ್ 8, ರಾತ್ರಿ 9.41

ಒಪ್ಪಲ್ಲ ಸರ್. ನಾವು ಹೊಡೆದ ಆ 40 ಗೋಲಲ್ಲಿ ಚೆಟ್ರಿ ಅವರದ್ದೇ 12. ಪ್ಲೇಆಫ್‌ನ ಎರಡು ಸೇರಿಸಿದ್ರೆ ಸೀಸನ್‌ಗೆ 14. ಬರೋ ಆಗಸ್ಟ್ 3ಕ್ಕೆ ಅವರಿಗೆ 41 ತುಂಬುತ್ತೆ. ಮತ್ತೆ 12 ಕೊಡಿ ಅಂತ ಕೇಳೋದು ನ್ಯಾಯ ಅಲ್ಲ. 6 ಕೊಟ್ರೂ ದೊಡ್ಡದು. ಬಾಕಿ 6 ಎಲ್ಲಿಂದ ಬರುತ್ತೆ?

ಭಾರತೀಯರಲ್ಲಿ ಹುಡುಕೋಣ ಅಂದ್ರೆ ಪಟ್ಟಿ ನೋಡಿದ್ರೆ ಎದೆ ಝಲ್ ಅನ್ನುತ್ತೆ. ಕಳೆದ ಸೀಸನ್‌ನಲ್ಲಿ ಚೆಟ್ರಿ ನಂತರ ಹೆಚ್ಚು ಹೊಡೆದ ಭಾರತೀಯ ಗೋವಾದ ಬ್ರೈಸನ್ ಫರ್ನಾಂಡಿಸ್, 7. ಆತ ಮಿಡ್‌ಫೀಲ್ಡರ್. ಅವನ ಹಿಂದೆ ಮೋಹನ್ ಬಾಗನ್‌ನ ಸುಭಾಶಿಷ್ ಬೋಸ್, 6. ಆತ ಡಿಫೆಂಡರ್! ಇಡೀ ಲೀಗಲ್ಲಿ ಒಬ್ಬ ಲೆಫ್ಟ್ ಬ್ಯಾಕ್, ಚೆಟ್ರಿ ಬಿಟ್ಟು ನಮ್ಮ ದೇಶದ ಉಳಿದ ಸ್ಟ್ರೈಕರ್‌ಗಳಿಗಿಂತ ಜಾಸ್ತಿ ಹೊಡೆದಿದ್ದಾನೆ. ಹಾಗಾಗಿ ಸ್ಟ್ರೈಕರ್ ಫಾರಿನರ್ ಆಗಿರಲೇಬೇಕು, ಮೊದಲ ದುಡ್ಡು ಅಲ್ಲಿಗೇ ಹೋಗಬೇಕು. ನಾರ್ತ್‌ಈಸ್ಟ್‌ನವರು ಮೊರಾಕೊ ಲೀಗ್‌ನಿಂದ ಅಜರಾಯಿನ ತಂದ್ರು, 23 ಗೋಲು ಬಂತು. ಹೆಸರಿಗೆ ಮರುಳಾಗದೆ ಸರಿಯಾದ ಲೀಗ್‌ನಲ್ಲಿ ಹುಡುಕಿದ್ರೆ ಸಿಗ್ತಾರೆ.


ಮ್ಯಾಗ್ರತ್‌ರೋಡ್_ಬೂಟು, ಜೂನ್ 8, ರಾತ್ರಿ 10.25

ಇಬ್ಬರೂ ಸ್ಲಾಟ್ ಲೆಕ್ಕ ಮರೀಬೇಡಿ. 6 ಫಾರಿನರ್ ನೋಂದಣಿ, ಒಂದು ಹೊತ್ತಿಗೆ ಮೈದಾನದಲ್ಲಿ 4. ನಮ್ಮ ಆರು ಜನ ಯೊವಾನೊವಿಚ್, ಪೆಡ್ರೊ ಕಾಪೊ, ನೊಗೆರಾ, ಎಡ್ಗರ್ ಮೆಂಡೆಜ್, ಪೆರೇರಾ ಡಿಯಾಜ್, ರಯಾನ್ ವಿಲಿಯಮ್ಸ್. ಇವರಲ್ಲಿ ವಿಲಿಯಮ್ಸ್ ಒಬ್ಬ 1993ರವನು, ಮಿಕ್ಕ ಐವರೂ 1989–90ರ ಆಸುಪಾಸು ಹುಟ್ಟಿದವರು. ಜನವರಿಯ ಕುಸಿತಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ.

ನಮ್ಮ ಕೋಚ್ ಜರಗೋಜಾ ಅವರ ಆಟ ಪ್ರೆಸ್ ಮೇಲೆ ನಿಂತಿದೆ. ಎದುರಾಳಿ ಗೋಲ್‌ಕೀಪರ್‌ನಿಂದ ಬಾಲ್ ಆಚೆ ಬಂದ ತಕ್ಷಣ ಮುಂದಿನ ಮೂವರು ಮೇಲೆ ಬೀಳ್ತಾರೆ, ಮಿಡ್‌ಫೀಲ್ಡ್ 12–15 ಮೀಟರ್ ಹಿಂದೆ ಅಂಟಿಕೊಂಡೇ ಬರಬೇಕು. ಮುಂದಿನವರು ಓಡಿ, ನಡುವಿನವರಿಗೆ ಆ ದೂರ ಮುಚ್ಚೋಕೆ ಆಗದಿದ್ರೆ 15 ಇದ್ದದ್ದು 25 ಆಗುತ್ತೆ. ಆ ಜಾಗದಲ್ಲಿ ಎದುರಾಳಿ ತಿರುಗಿ ಮುಖ ಮಾಡಿ ನಿಂತ ಅಂದ್ರೆ ನಮ್ಮ ಸೆಂಟರ್ ಬ್ಯಾಕ್‌ಗಳು ಹಿಂದೆ ಹಿಂದೆ ಹೋಗ್ತಾರೆ, ಬಾಕ್ಸ್ ಒಳಗೆ ಫೌಲ್, ಪೆನಾಲ್ಟಿ. ಒಡಿಶಾ ಎರಡು ಪಂದ್ಯದಲ್ಲಿ 7 ಗೋಲು ಹೊಡೆದದ್ದು ಸುಮ್ಮನೆ ಅಲ್ಲ.

34 ದಾಟಿದವರು ಕೆಟ್ಟ ಆಟಗಾರರು ಅಂತ ನಾನು ಹೇಳ್ತಿಲ್ಲ. ಕಾಪೊ ಬಾಲ್ ಹಂಚೋದು ನೋಡೋಕೇ ಚೆಂದ. ಆದ್ರೆ ಆರರಲ್ಲಿ ಐವರು ಒಂದೇ ವಯಸ್ಸಿನವರಾದ್ರೆ ಎಲ್ಲರ ಕಾಲೂ ಒಂದೇ ತಿಂಗಳಲ್ಲಿ ಸೋಲುತ್ತೆ. ಹೊಸ ಆರರಲ್ಲಿ 30 ದಾಟಿದವರು ಹೆಚ್ಚೆಂದ್ರೆ ಇಬ್ಬರು ಅಥವಾ ಮೂವರು. ಆ ಗೆರೆಯನ್ನ ಕ್ಲಬ್ ಮೊದಲೇ ಎಳೀಬೇಕು.


ಪಶ್ಚಿಮ_ಗ್ಯಾಲರಿ, ಜೂನ್ 8, ರಾತ್ರಿ 10.52

ಹಾಗಿದ್ರೆ ನಂಬರ್ 6 ಬೇಕು ಅನ್ನೋದೇ ಆಯ್ತಲ್ಲ?


ಮ್ಯಾಗ್ರತ್‌ರೋಡ್_ಬೂಟು, ಜೂನ್ 8, ರಾತ್ರಿ 11.15

ಬೇಕು, ಆದ್ರೆ ಫಾರಿನರ್ ಸ್ಲಾಟ್ ಕೊಟ್ಟು ತರೋದು ಬೇಡ. ಸುರೇಶ್ ಸಿಂಗ್‌ಗೆ ಇನ್ನೂ 24. ಅವನ ಪಕ್ಕದಲ್ಲಿ ಫನಾಯಿ ಇದ್ದಾನೆ, ಚಿಕ್ಕ ಹುಡುಗ, ಕಳೆದ ಸೀಸನ್ ಆಡಿ ರೂಢಿ ಆಗಿದೆ. ಇವರಿಬ್ಬರನ್ನ ನಡುವೆ ನಂಬಿ, ಫಾರಿನರ್ ಸೆಂಟರ್ ಬ್ಯಾಕ್ ತನ್ನಿ. ನಮ್ಮ ಡಿಫೆಂಡರ್ ರಾಹುಲ್ ಭೇಕೆ ಕೂಡ 1990ರವರೇ. ಚಿಂಗ್ಲೆನ್ಸನಾ ಪಕ್ಕದಲ್ಲಿ 27–29 ವಯಸ್ಸಿನ, ಹಿಂದೆ 40 ಮೀಟರ್ ಜಾಗ ಬಿಟ್ಟು ನಿಲ್ಲೋ ಧೈರ್ಯ ಇರೋನು ಬೇಕು. ಡಿಫೆನ್ಸ್ ಮೇಲೆ ಬಂದು ನಿಂತ್ರೆ ನಡುವಿನ ದೂರ ತಾನಾಗೇ ಕಮ್ಮಿ ಆಗುತ್ತೆ.


ಬಳ್ಳಾರಿ_ಬಿಸಿಲು, ಜೂನ್ 9, ಬೆಳಿಗ್ಗೆ 7.30

ಸುರೇಶ್‌ನ ನಂಬರ್ 6 ಜಾಗಕ್ಕೆ ಕಟ್ಟಿಹಾಕಬೇಡಿ ದಯವಿಟ್ಟು. ಅವನ ಬೆಲೆ ಇರೋದೇ ಬಾಕ್ಸ್ ಕಡೆಗೆ ತಡವಾಗಿ ನುಗ್ಗೋದ್ರಲ್ಲಿ. ಸೆಪ್ಟೆಂಬರ್ 28ರಂದು ಮೋಹನ್ ಬಾಗನ್ ಮೇಲೆ 3-0 ಗೆದ್ದಾಗ ಎರಡನೇ ಗೋಲು ಅವನದ್ದು. ಮುಂಬೈ ಮೇಲಿನ 5-0 ಪ್ಲೇಆಫ್‌ನಲ್ಲಿ ಮೊದಲನೇದೂ ಅವನದ್ದೇ. ಆ 5-0ರಲ್ಲಿ ಸುರೇಶ್, ಮೆಂಡೆಜ್, ವಿಲಿಯಮ್ಸ್, ಚೆಟ್ರಿ, ಡಿಯಾಜ್, ಐದು ಗೋಲಿಗೆ ಐದು ಹೆಸರು. ಗೌತಮಪುರ ಅಣ್ಣ ಕೇಳಿದ "ಬಾಕಿ 6 ಎಲ್ಲಿಂದ" ಅನ್ನೋದಕ್ಕೆ ಒಂದು ಉತ್ತರ ಅಲ್ಲೇ ಇದೆ. ಒಬ್ಬನೇ 12 ತರೋದರ ಬದಲು ಮೂವರು ನಾಲ್ಕು ನಾಲ್ಕು ತರಲಿ.


ಗೌತಮಪುರ_ಹತ್ತು, ಜೂನ್ 9, ಬೆಳಿಗ್ಗೆ 8.05

5-0 ಒಂದು ರಾತ್ರಿ. ಗಟ್ಟಿ ಡಿಫೆನ್ಸ್ ಎದುರು, 0-0 ಇರೋವಾಗ, 80ನೇ ನಿಮಿಷಕ್ಕೆ ಬೇಕಾಗೋದು ಬೇರೆ. ಗೋವಾದ ಫತೋರ್ಡಾದಲ್ಲಿ ನಡೆದ ಸೆಮಿಫೈನಲ್ ಎರಡನೇ ಲೆಗ್‌ನ ಆ ಗೋಲನ್ನ ಇನ್ನೊಮ್ಮೆ ನಿಧಾನಕ್ಕೆ ನೋಡಿ. ಗೋವಾ 2-0 ಮಾಡಿ ಎರಡೂ ಲೆಗ್ ಸೇರಿ ಒಟ್ಟು ಲೆಕ್ಕ 2-2 ಆಗಿದೆ, 90 ದಾಟಿದೆ. ನಾಮ್ಗ್ಯಾಲ್ ಭುಟಿಯಾ ಬಲಗಡೆಯಿಂದ ಕ್ರಾಸ್ ಹಾಕ್ತಾನೆ, ಚೆಟ್ರಿ ತಲೆ ಕೊಡ್ತಾರೆ. ಇನ್ನೇನು ಎಕ್ಸ್‌ಟ್ರಾ ಟೈಮ್ ಅಂದುಕೊಂಡಿದ್ದ ಪಂದ್ಯ ಅಲ್ಲಿಗೇ ಮುಗೀತು. ಅಷ್ಟು ಎತ್ತರ ಇಲ್ಲದವರು ಅಷ್ಟು ವರ್ಷದಿಂದ ತಲೆಯಲ್ಲಿ ಗೋಲು ಹೊಡೀತಿರೋದು ಜಿಗಿತದಿಂದ ಮಾತ್ರ ಅಲ್ಲ, ಯಾವಾಗ ಹೊರಡಬೇಕು ಅನ್ನೋ ತಿಳುವಳಿಕೆಯಿಂದ. ಕ್ರಾಸ್ ಹಾಕೋನ ಕಾಲು ಹಿಂದೆ ಹೋಗೋ ತನಕ ಡಿಫೆಂಡರ್ ಬೆನ್ನ ಹಿಂದೆ ಇರ್ತಾರೆ, ಬಾಲ್ ಕಾಲು ಬಿಟ್ಟ ಮೇಲೆ ಮುಂದೆ ಬರ್ತಾರೆ. ಡಿಫೆಂಡರ್‌ಗೆ ಬಾಲ್ ಮತ್ತು ಅವರು ಎರಡೂ ಒಟ್ಟಿಗೆ ಕಾಣಲ್ಲ.

ನಮ್ಮ ಯುವ ಸ್ಟ್ರೈಕರ್ ಶಿವಶಕ್ತಿಗೆ ಇದು ಕಲಿಸೋಕೆ ಆಗುತ್ತೆ. 2022-23ರಲ್ಲಿ ಆ ಹುಡುಗ ಓಡ್ತಿದ್ದ ಓಟ ನೆನಪಿದೆಯಲ್ಲ. ಆದ್ರೆ ಅವನಿಗೆ ನಿಮಿಷ ಬೇಕು. ಫಾರಿನರ್ ಸ್ಟ್ರೈಕರ್ ಒಬ್ಬ, ಚೆಟ್ರಿ, ಶಿವಶಕ್ತಿ, ಈ ಮೂವರಲ್ಲಿ 24 ಪಂದ್ಯದ 2,160 ನಿಮಿಷ ಹಂಚಿ: 1,100, 560, 500. ಶಿವಶಕ್ತಿಗೆ 500ಕ್ಕಿಂತ ಕಮ್ಮಿ ಕೊಟ್ರೆ ಬೇರೆ ಕ್ಲಬ್‌ಗೆ ಲೋನ್ ಮೇಲೆ ಕಳಿಸೋದೇ ಮೇಲು.


ಟಿಎಂಎಸ್_ಗುಮಾಸ್ತ, ಜೂನ್ 9, ಮಧ್ಯಾಹ್ನ 1.20

ಹೆಸರುಗಳ ಚರ್ಚೆ ನಡೀಲಿ, ಕಾಗದದ ಕೆಲಸ ಎಷ್ಟು ದಿನ ತಿನ್ನುತ್ತೆ ಅಂತ ಸ್ವಲ್ಪ ಹೇಳ್ತೀನಿ. ಪ್ರತಿ ವರ್ಷ ಆಗಸ್ಟ್‌ನಲ್ಲಿ "ಯಾಕೆ ಇನ್ನೂ ಬಂದಿಲ್ಲ" ಅನ್ನೋ ಪ್ರಶ್ನೆ ಬರುತ್ತೆ.

ಫಾರಿನ್ ಆಟಗಾರ ಬಾಯಲ್ಲಿ ಒಪ್ಪಿದ ಮೇಲೆ ಮೆಡಿಕಲ್, ಆಮೇಲೆ ಕರಾರಿಗೆ ಸಹಿ. ಆ ಕರಾರನ್ನ ಫಿಫಾದ ಟಿಎಂಎಸ್‌ಗೆ, ಅಂದ್ರೆ ವರ್ಗಾವಣೆ ದಾಖಲಿಸೋ ಆನ್‌ಲೈನ್ ವ್ಯವಸ್ಥೆಗೆ ಹಾಕಬೇಕು: ಗುರುತಿನ ದಾಖಲೆ, ಹಳೇ ಕರಾರು ಮುಗಿದ ಪುರಾವೆ, ದುಡ್ಡಿನ ವಿವರ, ಏಜೆಂಟ್ ಇದ್ರೆ ಅವನ ವಿವರ. ಇದರಲ್ಲಿ ಒಂದು ಹಾಳೆ ಇಲ್ಲದಿದ್ರೂ ಕಡತ ಮುಂದೆ ಹೋಗಲ್ಲ. ನಂತರ ನಮ್ಮ ಫೆಡರೇಶನ್ ಆ ದೇಶದ ಫೆಡರೇಶನ್ ಹತ್ತಿರ ಐಟಿಸಿ ಕೇಳುತ್ತೆ, ಅಂದ್ರೆ ಆಟಗಾರ ಅಲ್ಲಿಂದ ಬಿಡುಗಡೆ ಆಗಿದ್ದಾನೆ ಅನ್ನೋ ಪ್ರಮಾಣಪತ್ರ. ಅವರಿಗೆ 72 ಗಂಟೆ ಟೈಮ್. ವಿಂಡೋ, ಅಂದ್ರೆ ಆಟಗಾರರನ್ನ ನೋಂದಾಯಿಸೋ ಅವಧಿ, ಮುಗಿಯೋ ದಿನದೊಳಗೆ ಈ ಐಟಿಸಿ ಕೇಳಿರಲೇಬೇಕು. ಕೊನೇ ರಾತ್ರಿ ಸಹಿ ಹಾಕಿಸಿ ಮಾರನೇ ದಿನ ಕಡತ ಹಾಕೋಣ ಅಂದ್ರೆ ಆಗೋಯ್ತು.

ಇನ್ನೊಂದು ಕಡೆ ವೀಸಾ. ಉದ್ಯೋಗ ವೀಸಾನೇ ಬೇಕು, ಆತ ತನ್ನ ದೇಶದ ಭಾರತೀಯ ರಾಯಭಾರ ಕಚೇರಿಯಿಂದ ತಗೋಬೇಕು. 180 ದಿನಕ್ಕಿಂತ ಹೆಚ್ಚಿನ ವೀಸಾ ಆದ್ರೆ ಇಲ್ಲಿ ಇಳಿದ 14 ದಿನದೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿ. ರಜೆಗೆ ಮೂರನೇ ದೇಶಕ್ಕೆ ಹೋಗಿರೋ ಆಟಗಾರ ಅಲ್ಲಿಂದಲೇ ಬರೋಕೆ ನೋಡಿದ್ರೆ ವೀಸಾ ಹಂತದಲ್ಲೇ ವಾರಗಟ್ಟಲೆ ನಿಲ್ತಾನೆ.

ಇವೆಲ್ಲಾ ಸೇರಿ ಒಪ್ಪಿಗೆಯಿಂದ ಮೊದಲ ಟ್ರೇನಿಂಗ್ ತನಕ 4 ವಾರ ಇಟ್ಕೊಳ್ಳಿ. ಅದರ ಮೇಲೆ 5–6 ವಾರದ ಪ್ರೀ-ಸೀಸನ್. ಲೀಗ್‌ಗೆ ಮೊದಲು ನಡೆಯೋ ಡ್ಯುರಾಂಡ್ ಕಪ್ ಮುಗಿಯೋ ಹೊತ್ತಿಗೆ ಬಂದು ಸೇರಿದ ಸೆಂಟರ್ ಬ್ಯಾಕ್‌ಗೆ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಯಾವಾಗ ಬಾಲ್‌ಗೆ ಬರ್ತಾರೆ, ಯಾವಾಗ ಲೈನ್ ಮೇಲೆ ನಿಲ್ತಾರೆ ಅನ್ನೋದೇ ಗೊತ್ತಿರಲ್ಲ. ಬಾಕ್ಸ್ ಅಂಚಲ್ಲಿ ಇಬ್ಬರೂ ಒಂದೇ ಬಾಲ್ ಬಿಡೋದು ಅಲ್ಲೇ. ಅದಕ್ಕೆ ಹಿಂದಿನ ಸಾಲಿನವರನ್ನ ಮೊದಲು ತನ್ನಿ, ಮುಂದಿನ ಸಾಲಿನವರು ಎರಡು ವಾರ ತಡ ಆದ್ರೂ ನಡೆಯುತ್ತೆ.


ಅಶೋಕನಗರ_ವಿಂಗರ್, ಜೂನ್ 9, ಸಂಜೆ 6.48

ಬ್ರೈಸನ್‌ನ ದುಡ್ಡು ಕೊಟ್ಟು ತರೋಕೆ ಆಗಲ್ವಾ? ನಮ್ಮಲ್ಲಿ ಎಲ್ಲರೂ ಕರಾರು ಮುಗಿದ ಮೇಲೆ ಮಾತ್ರ ಯಾಕೆ ಜಾಗ ಬದಲಿಸ್ತಾರೆ?


ಟಿಎಂಎಸ್_ಗುಮಾಸ್ತ, ಜೂನ್ 9, ಸಂಜೆ 7.35

ನಿಯಮದಲ್ಲೇ ದಾರಿ ಇದೆ. ಕರಾರಿನ ಕೊನೆಯ 6 ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂದಿನ ಸೀಸನ್‌ಗೆ ಸಹಿ ಹಾಕಬಹುದು. ಮಾತುಕತೆಗೆ ಮೊದಲು ಈಗಿನ ಕ್ಲಬ್‌ಗೆ ಹೊಸ ಕ್ಲಬ್ ಲಿಖಿತವಾಗಿ ತಿಳಿಸಬೇಕು, ಅಷ್ಟೆ. ಆ 6 ತಿಂಗಳು ಕಾದ್ರೆ ಹಳೇ ಕ್ಲಬ್‌ಗೆ ಕೊಡೋ ವರ್ಗಾವಣೆ ಫೀ ಉಳಿಯುತ್ತೆ, ಹಾಗಾಗಿ ಎಲ್ಲರೂ ಕಾಯ್ತಾರೆ. ಗಟ್ಟಿ ಕ್ಲಬ್‌ಗಳು ಇದಕ್ಕೆ ಮದ್ದು ಕಂಡುಕೊಂಡಿವೆ, ಒಳ್ಳೇ ಹುಡುಗನ ಕರಾರು 18 ತಿಂಗಳು ಬಾಕಿ ಇರೋವಾಗಲೇ ಮುಂದುವರಿಸ್ತವೆ. ಬ್ರೈಸನ್ ಬೇಕು ಅಂದ್ರೆ ಗೋವಾ ಹೇಳಿದ ಬೆಲೆ ಕೊಡಬೇಕು, ಇಲ್ಲಾ ಅವನ ಕೊನೇ 6 ತಿಂಗಳು ಬರೋ ತನಕ ಕಾಯಬೇಕು.

ಅಡ್ಡದಾರಿ ಹಿಡಿದ್ರೆ ಏನಾಗುತ್ತೆ ಅಂತ 2024ರಲ್ಲಿ ಅನ್ವರ್ ಅಲಿ ವಿಷಯದಲ್ಲಿ ನೋಡಿದ್ದೀವಿ. ಮೋಹನ್ ಬಾಗನ್‌ನಿಂದ ಈಸ್ಟ್ ಬೆಂಗಾಲ್‌ಗೆ ಬಂದದ್ದು ಸರಿಯಿಲ್ಲ ಅಂತ ಫೆಡರೇಶನ್‌ನ ಸಮಿತಿ 4 ತಿಂಗಳ ನಿಷೇಧ, 12.90 ಕೋಟಿ ರೂಪಾಯಿ ಪರಿಹಾರ ಅಂತ ಆದೇಶ ಕೊಟ್ಟಿತು. ಆಮೇಲೆ ವಿಷಯ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿತು. ಸೀಸನ್ ಶುರುವಲ್ಲಿ ಯಾವ ಕೋಚ್‌ಗೂ ಈ ತಲೆನೋವು ಬೇಡ.


ಬಳ್ಳಾರಿ_ಬಿಸಿಲು, ಜೂನ್ 10, ಬೆಳಿಗ್ಗೆ 6.55

ದುಡ್ಡಿಲ್ಲದೆ ಆಗೋ ಅತಿ ಮುಖ್ಯ ಕೆಲಸ ಇನ್ನೂ ಯಾರೂ ಹೇಳಿಲ್ಲ: ವಿನೀತ್ ವೆಂಕಟೇಶ್ ಕರಾರು. ಕಳೆದ ಸೀಸನ್‌ನ ಮೊದಲ ಪಂದ್ಯ, ಸೆಪ್ಟೆಂಬರ್ 14, ಈಸ್ಟ್ ಬೆಂಗಾಲ್ ಮೇಲೆ 1-0, ಗೋಲು ಹತ್ತೊಂಬತ್ತರ ವಿನೀತ್‌ದು. ನಮ್ಮ ಅಕಾಡೆಮಿಯಲ್ಲಿ ಬೆಳೆದ ನಮ್ಮ ಊರಿನ ಹುಡುಗ. ಅವನಿಗೆ ಉದ್ದದ ಕರಾರು ಕೊಡಿ. ನಿಯಮದಲ್ಲಿ 5 ವರ್ಷದ ತನಕ ಅವಕಾಶ ಇದೆ.

ಬಳ್ಳಾರಿ ಜಿಲ್ಲೆ ವಿಜಯನಗರದ ಕ್ಯಾಂಪಸ್‌ನಲ್ಲಿ ಹುಡುಗರು ಅಲ್ಲೇ ಇದ್ದು, ಅಲ್ಲೇ ಓದಿ ಆಡ್ತಾರೆ. ಯುವ ಆಟಗಾರರ ಡೆವಲಪ್‌ಮೆಂಟ್ ಲೀಗನ್ನ 2022, 2023ರಲ್ಲಿ ಎರಡು ಸಲ ಗೆದ್ದ ಕ್ಲಬ್ ನಮ್ಮದು. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನ 3-2 ಸೋಲಿಸಿ 54 ವರ್ಷದ ನಂತರ ಸಂತೋಷ್ ಟ್ರೋಫಿ ತಂತು. ರಾಜ್ಯದಲ್ಲಿ ಹುಡುಗರಿಲ್ಲ ಅನ್ನೋ ಮಾತು ಬೇಡ. 17ರಿಂದ 20ರ ನಡುವೆ ಅವರಿಗೆ ದೊಡ್ಡವರ ಎದುರು ಆಡೋ ಪಂದ್ಯ ಸಾಲದು. ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್‌ನಲ್ಲಿ ಬಿ ತಂಡ ಆಡೋದು ಒಳ್ಳೇದೇ, ಆದ್ರೆ ಸಾಕಾಗಲ್ಲ. ಎರಡನೇ ಹಂತದ ಐ-ಲೀಗ್ ಕ್ಲಬ್‌ಗಳಿಗೆ ಲೋನ್ ಕೊಡೋವಾಗ ಕಾಗದದಲ್ಲಿ ಕನಿಷ್ಠ ಪಂದ್ಯಗಳ ಸಂಖ್ಯೆ ಬರೆಸಿ, ಅಷ್ಟು ಆಡಿಸದಿದ್ರೆ ಜನವರಿಯಲ್ಲಿ ವಾಪಸ್ ಕರೆಸೋ ಹಕ್ಕು ಇಟ್ಕೊಳ್ಳಿ.

ಇದರಲ್ಲಿ ದುಡ್ಡೂ ಇದೆ. ಹುಡುಗ ಒಂದು ದಿನ ಫೀ ಮೇಲೆ ಹೊರದೇಶಕ್ಕೆ ಹೋದ್ರೆ ಆ ಫೀಯ 5% ಅವನನ್ನ ಬೆಳೆಸಿದ ಕ್ಲಬ್‌ಗಳಿಗೆ. 12ರಿಂದ 15ರ ಒಂದೊಂದು ವರ್ಷಕ್ಕೆ 0.25%, 16ರಿಂದ 23ರ ಒಂದೊಂದು ವರ್ಷಕ್ಕೆ 0.5%. ಹದಿನಾರಕ್ಕೆ ಬಂದು ಇಪ್ಪತ್ತರ ತನಕ ನಮ್ಮಲ್ಲಿದ್ರೆ 2.5% ನಮ್ಮದು. ಆ ಐದು ವರ್ಷದ ನೋಂದಣಿ ದಾಖಲೆ ಒಂದೂ ತಪ್ಪದೆ ಇರಬೇಕು, ತಪ್ಪಿದ ವರ್ಷದ ಪಾಲು ಕೇಳೋಕೆ ಆಧಾರ ಇರಲ್ಲ.


ಪಶ್ಚಿಮ_ಗ್ಯಾಲರಿ, ಜೂನ್ 10, ಸಂಜೆ 5.15

ವಿನೀತ್ ವಿಷಯಕ್ಕೆ ನೂರಕ್ಕೆ ನೂರು. ನಂಬರ್ 6 ವಿಷಯದಲ್ಲಿ ನಾನು ಅರ್ಧ ಸೋತಿದ್ದೀನಿ. ಫನಾಯಿಗೆ ಅವಕಾಶ ಕೊಡೋದಾದ್ರೆ ಪಕ್ಕದಲ್ಲಿ ಕಾಪೊ ಥರ ಹೇಳಿಕೊಡೋರು ಒಬ್ಬರು ಬೇಕು. ಆಗ ಸೆಂಟರ್ ಬ್ಯಾಕ್ ಮೊದಲು, ಸ್ಟ್ರೈಕರ್ ಎರಡನೇದು ಅನ್ನೋದಕ್ಕೆ ನನ್ನ ಒಪ್ಪಿಗೆ.

ಸೆಂಟರ್ ಬ್ಯಾಕ್ ಹುಡುಕೋವಾಗ ಒಂದು ಮಾತು. ಏಜೆಂಟ್ ಕಳಿಸೋ 4 ನಿಮಿಷದ ವಿಡಿಯೊದಲ್ಲಿ ಎಲ್ಲರೂ ಚೆನ್ನಾಗೇ ಕಾಣ್ತಾರೆ. ಪೂರ್ತಿ ಪಂದ್ಯ ಮೂರು ನೋಡಬೇಕು, ಅದರಲ್ಲಿ ಅವನ ತಂಡ ಸೋತದ್ದು ಒಂದಾದ್ರೂ ಇರಬೇಕು. 60ನೇ ನಿಮಿಷದ ನಂತರ ಅವನ ಲೈನ್ ಎಷ್ಟು ಹಿಂದೆ ಸರಿಯುತ್ತೆ, ಕ್ರಾಸ್ ಬರೋವಾಗ ಬಾಲ್ ಮಾತ್ರ ನೋಡ್ತಾನಾ, ಭುಜದ ಹಿಂದೆ ತಿರುಗಿ ಎದುರಾಳಿಯನ್ನೂ ನೋಡ್ತಾನಾ, ಅದನ್ನ ಬರೆದಿಡಿ. ಕಳೆದ ಎರಡು ಸೀಸನ್‌ನಲ್ಲಿ ಒಂದೊಂದರಲ್ಲೂ 2,000 ನಿಮಿಷ ಆಡಿರಬೇಕು. ನಾವು ಕಳೆದ ಸಲ ಪ್ಲೇಆಫ್ ಸೇರಿ 28 ಪಂದ್ಯ ಆಡಿದ್ವಿ, 2,500 ನಿಮಿಷಕ್ಕೂ ಮೇಲೆ. ಹ್ಯಾಮ್‌ಸ್ಟ್ರಿಂಗ್‌ಗೆ ಎರಡು ಸಲ ಹೊರಗೆ ಕೂತವನನ್ನ ಹೆಸರು ನೋಡಿ ತಂದ್ರೆ ಡಿಸೆಂಬರ್‌ಗೆ ಸ್ಲಾಟೂ ಹೋಯ್ತು, ದುಡ್ಡೂ ಹೋಯ್ತು.


ಗೌತಮಪುರ_ಹತ್ತು, ಜೂನ್ 10, ರಾತ್ರಿ 8.30

ಸ್ಟ್ರೈಕರ್ ಎರಡನೇದು ಅಂದ್ರೂ ಪರವಾಗಿಲ್ಲ, ಪಟ್ಟಿಯಲ್ಲಿ ಇದ್ರೆ ಸಾಕು.

ಆದ್ರೆ ಎಲ್ಲಕ್ಕಿಂತ ಹೆದರಿಕೆ ಬೇರೆ ಇದೆ. ಫೆಡರೇಶನ್ ಮತ್ತು ಲೀಗ್ ನಡೆಸೋ ಕಂಪನಿ ನಡುವಿನ 15 ವರ್ಷದ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುತ್ತೆ. ಲೀಗ್ ಸೆಪ್ಟೆಂಬರ್‌ನಲ್ಲಿ ಶುರುವಾದ್ರೆ ಮೂರನೇ ಒಂದು ಭಾಗ ಆಡೋ ಹೊತ್ತಿಗೆ ಒಪ್ಪಂದ ಇರಲ್ಲ. ಇಂಥ ಹೊತ್ತಲ್ಲಿ 6 ಫಾರಿನರ್‌ಗೆ ಸಹಿ ಹಾಕಿಸೋದು ಸರಿನಾ?


ಟಿಎಂಎಸ್_ಗುಮಾಸ್ತ, ಜೂನ್ 11, ಬೆಳಿಗ್ಗೆ 10.05

ಈ ಬೇಸಿಗೆಯ ನಿಜವಾದ ಪ್ರಶ್ನೆ ಇದೇ. ಲೀಗ್ ತಡ ಆದ್ರೂ ಸಹಿ ಹಾಕಿದ ಕರಾರು ಕರಾರೇ. ಸಂಬಳ ತಿಂಗಳು ತಿಂಗಳು ಕೊಡಬೇಕು. ಎರಡು ತಿಂಗಳ ಸಂಬಳ ಬಾಕಿ ಬಿದ್ರೆ ಆಟಗಾರ ನೋಟಿಸ್ ಕೊಟ್ಟು, 15 ದಿನ ಕಾದು, ಕರಾರು ಮುರಿದು ಹೋಗಬಹುದು, ಫಿಫಾ ಆತನ ಪರ ನಿಲ್ಲುತ್ತೆ. ಆಟಗಾರನ ಮನೆ ನಡೆಯೋದೂ ಅದೇ ದುಡ್ಡಲ್ಲಿ, ಅದನ್ನ ತಪ್ಪು ಅನ್ನೋಕೂ ಆಗಲ್ಲ.

ಹಾಗಾಗಿ ಆರು ಸ್ಲಾಟ್ ಈಗಲೇ ತುಂಬಬೇಡಿ. ನಾಲ್ಕು ತುಂಬಿ: ಸೆಂಟರ್ ಬ್ಯಾಕ್, ನಡುವೆ ಒಬ್ಬ, ವಿಲಿಯಮ್ಸ್, ಸ್ಟ್ರೈಕರ್. ಮೈದಾನಕ್ಕೆ ಇಳಿಯೋದೇ ನಾಲ್ಕು. ಉಳಿದ ಎರಡನ್ನ ವೇಳಾಪಟ್ಟಿ ಬರೋ ತನಕ ಖಾಲಿ ಇಡಿ. ವಿಂಡೋ ಮುಚ್ಚಿದ ಮೇಲೂ ಒಂದು ಬಾಗಿಲು ತೆರೆದಿರುತ್ತೆ, ವಿಂಡೋ ಮುಗಿಯೋ ಮೊದಲೇ ಕರಾರು ಮುಗಿದಿರೋ ಫ್ರೀ ಏಜೆಂಟ್‌ನ ಆಮೇಲೂ ನೋಂದಾಯಿಸೋಕೆ ಫಿಫಾ ನಿಯಮ ಬಿಡುತ್ತೆ. ಲೀಗ್‌ಗೆ ತಂಡದ ಪಟ್ಟಿ ಕೊಡೋ ಗಡುವು ಮಾತ್ರ ದಾಟಬಾರದು. ಸೆಪ್ಟೆಂಬರ್‌ನಲ್ಲಿ ಯುರೋಪಿನಲ್ಲಿ ಕ್ಲಬ್ ಸಿಗದೆ ಉಳಿದ ಒಳ್ಳೇ ಆಟಗಾರರು ಜೂನ್‌ಗಿಂತ ಕಮ್ಮಿ ಸಂಬಳಕ್ಕೆ ಒಪ್ತಾರೆ. ಆದ್ರೆ ಅಂಥವನು ಮೇ ತಿಂಗಳಿಂದ ಪಂದ್ಯ ಆಡಿರಲ್ಲ, ಪೂರ್ತಿ 90 ನಿಮಿಷಕ್ಕೆ ಸಿದ್ಧ ಆಗೋಕೆ 5–6 ವಾರ ಬೇಕು ಅನ್ನೋದನ್ನ ಕೋಚ್ ಒಪ್ಪಿಕೊಂಡೇ ತರಬೇಕು.


ಅಶೋಕನಗರ_ವಿಂಗರ್, ಜೂನ್ 11, ಮಧ್ಯಾಹ್ನ 12.40

ನಾಲ್ಕೇ ಫಾರಿನರ್ ಇದ್ದು ಒಬ್ಬ ಗಾಯ ಆದ್ರೆ?


ಮ್ಯಾಗ್ರತ್‌ರೋಡ್_ಬೂಟು, ಜೂನ್ 11, ಮಧ್ಯಾಹ್ನ 1.15

ವಿಲಿಯಮ್ಸ್ ಗಾಯ ಆದ್ರೆ ವಿನೀತ್. ಸ್ಟ್ರೈಕರ್ ಆದ್ರೆ ಚೆಟ್ರಿ, ಶಿವಶಕ್ತಿ. ನಡುವಿನವನು ಆದ್ರೆ ಸುರೇಶ್ ಕೆಳಗೆ ಇಳೀತಾನೆ, ಬಳ್ಳಾರಿಯವರು ಬೇಜಾರು ಮಾಡ್ಕೊಂಡ್ರೂ ಬೇರೆ ದಾರಿ ಇಲ್ಲ. ಸೆಂಟರ್ ಬ್ಯಾಕ್ ಗಾಯ ಆದ್ರೆ ಭೇಕೆ ಮತ್ತು ಚಿಂಗ್ಲೆನ್ಸನಾ, ಅವರ ಹಿಂದೆ ಬೆಂಚ್‌ನಲ್ಲಿ ಅನುಭವ ಇರೋರು ಕಮ್ಮಿ. ಹಾಗಾಗಿ ಖಾಲಿ ಇಡೋ ಎರಡರಲ್ಲಿ ಮೊದಲು ತುಂಬೋದು ಡಿಫೆನ್ಸ್‌ನವನಿಗೇ, ಸೆಂಟರ್ ಬ್ಯಾಕ್ ಮತ್ತು ನಂಬರ್ 6 ಎರಡೂ ಆಡೋಕೆ ಬರೋನು ಸಿಕ್ಕಿದ್ರೆ ಇನ್ನೂ ಒಳ್ಳೇದು.


ಪಶ್ಚಿಮ_ಗ್ಯಾಲರಿ, ಜೂನ್ 11, ಮಧ್ಯಾಹ್ನ 1.32

ಅಂಥವನ ಹೆಸರು ಯಾರಿಗಾದ್ರೂ ಹೊಳೆದ್ರೆ ಇಲ್ಲೇ ಹಾಕಿ: ವಯಸ್ಸು, ಕಳೆದ ಎರಡು ಸೀಸನ್‌ನ ನಿಮಿಷ, ಕರಾರು ಮುಗಿಯೋ ದಿನ. ಈ ಮೂರೂ ಇಲ್ಲದೆ ಬರೀ ಹೆಸರು ಬೇಡ.